ಹೊಲದಲ್ಲಿ ಡೇರೆ: ಜಾಹೀರಾತಿಗೆ ಮೊದಲು ಮಣ್ಣು ನೋಡಿ

ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನದಲ್ಲಿ ಅಶೋಕನ ಹೆಸರೇ ಇದೆ. ಅದನ್ನು ನೋಡಬರುವವರಿಗೆ ವಳಕಮದಿನ್ನಿಯಂತಹ ಹಳ್ಳಿಗಳ ರೈತರು ಸ್ವಂತ ಜಮೀನಿನಲ್ಲಿ ಡೇರೆಗೆ ಜಾಗ ಕೊಟ್ಟು, ಅಂತರಜಾಲದಲ್ಲಿ ವಿವರ ಪ್ರಕಟಿಸಿ ಉಪ ಆದಾಯ ಪಡೆಯಬಹುದು. ಆದರೆ ಮೊದಲು ಜಾಗದ ಆಯ್ಕೆ ಸರಿಯಿರಬೇಕು.

ಎರೆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆಯಲ್ಲಿ ಡೇರೆಯ ಗೂಟ ನಿಲ್ಲದು, ಗಾಡಿಯ ಗಾಲಿ ಹೂತುಕೊಳ್ಳುತ್ತದೆ. ಹಸಿ ಎರೆಯನ್ನು ತುಳಿಸಿದರೆ ಮಣ್ಣು ಬಿಗಿದು ಮುಂದಿನ ಬೆಳೆಯ ಬೇರು ಇಳಿಯುವುದಿಲ್ಲ. ಆದ್ದರಿಂದ ಉಳುಮೆಗೆ ಬಾರದ, ನೀರು ನಿಲ್ಲದ ಗರಸು ದಿನ್ನೆಯನ್ನೇ ಆರಿಸಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಸೂಕ್ತ.

ಜಾಹೀರಾತಿನಲ್ಲಿ ಈ ಅಂಶಗಳಿರಲಿ:

1. ಮಸ್ಕಿಯಿಂದ ದೂರ, ಮಳೆಗಾಲದಲ್ಲಿ ದಾರಿಯ ಸ್ಥಿತಿ.
2. ಕುಡಿಯುವ ನೀರು, ಶೌಚಾಲಯ, ವಿದ್ಯುತ್ ಸೌಕರ್ಯ.
3. ಬಾಡಿಗೆ, ಎಷ್ಟು ಡೇರೆಗೆ ಜಾಗವಿದೆ ಎಂಬುದು.
4. ಜಾಗ ದೊರೆಯುವ ದಿನಗಳು. ಪಕ್ಕದ ಭತ್ತ, ಹತ್ತಿಗೆ ಔಷಧಿ ಸಿಂಪಡಿಸುವಾಗ ಯಾರನ್ನೂ ಕರೆಯಬೇಡಿ.

ಛಾಯಾಚಿತ್ರ ಆಯಾ ಕಾಲದ್ದೇ ಆಗಿರಲಿ. ಹಸಿರು ಗದ್ದೆಯ ಚಿತ್ರ ನೋಡಿ ಬಂದವರಿಗೆ ಬಿರುಕು ಬಿಟ್ಟ ನೆಲ ಕಂಡರೆ, ಅವರ ದೂರನ್ನು ಮುಂದೆ ಬರುವವರೆಲ್ಲ ಓದುತ್ತಾರೆ.

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವ ವಿಷಯ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮಿಗೆ ಸೇರುತ್ತದೆ. ಹಣ ಹೂಡುವ ಮೊದಲೇ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.