ಯಜಮಾನರ ಮೂತ್ರದ ತೊಂದರೆ: ‘ಶುಗರ್‌ನಿಂದ’ ಎಂದು ಸುಮ್ಮನಿರಬೇಡಿ



ಒಂದು ಸಂಘದ ವಾರದ ಸಭೆ ಮುಗಿದ ಮೇಲೆ ಒಬ್ಬ ಸದಸ್ಯೆ ಹಿಂದೆ ಉಳಿದು ಮೆಲ್ಲಗೆ ಹೇಳಿದರು: “ಸಿಸ್ಟರ್, ನಮ್ಮ ಯಜಮಾನ್ರು ರಾತ್ರಿ ಐದಾರು ಸಲ ಏಳ್ತಾರೆ. ಕಿಬ್ಬೊಟ್ಟೆ ನೋವು ಅಂತಾರೆ. ಶುಗರ್ ಇದೆಯಲ್ಲ, ಅದಕ್ಕೇ ಇರಬೇಕು ಅಂತ ನೀರು ಕುಡಿಯೋದನ್ನೇ ಬಿಟ್ಟಿದ್ದಾರೆ.”

ಸಕ್ಕರೆ ಏರಿದಾಗ ಮೂತ್ರ ಜಾಸ್ತಿ ಹೋಗುವುದು ನಿಜ. ಆದರೆ ವಯಸ್ಸಾದ ಗಂಡಸರಲ್ಲಿ ಬೇರೆ ಕಾರಣಗಳೂ ಇರುತ್ತವೆ.

1. ಪ್ರಾಸ್ಟೇಟ್ ಗ್ರಂಥಿ: ಇದು ಮೂತ್ರಚೀಲದ ಕೆಳಗೆ, ಮೂತ್ರನಾಳದ ಸುತ್ತ ಇರುತ್ತದೆ. ವಯಸ್ಸಾದಂತೆ ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ಮೂತ್ರ ಶುರುವಾಗಲು ತಡವಾಗುತ್ತದೆ, ಧಾರೆ ಸಣ್ಣಗಾಗುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ.

2. ನರಗಳ ದೌರ್ಬಲ್ಯ: ಬಹಳ ವರ್ಷ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಮೂತ್ರಚೀಲದ ನರಗಳು ಸೋಲುತ್ತವೆ. ಚೀಲ ತುಂಬಿದ್ದು ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ.

3. ಸೋಂಕು: ಒಳಗೆ ಉಳಿದ ಮೂತ್ರದಲ್ಲಿ ರೋಗಾಣು ಬೆಳೆಯುತ್ತವೆ. ಉರಿಮೂತ್ರ, ಕಿಬ್ಬೊಟ್ಟೆ ನೋವು ಬರುತ್ತದೆ.

ಒಬ್ಬರಲ್ಲೇ ಈ ಮೂರೂ ಇರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಅದಕ್ಕೇ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಬೇಕು. ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿದಿದೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಹಾಗೇ ಬಿಟ್ಟರೆ ಕಿಡ್ನಿಗೂ ಪೆಟ್ಟು ಬೀಳಬಹುದು.

ಮನೆಯಲ್ಲಿ ನಾವೇನು ಮಾಡಬಹುದು?

* ನೀರು ಬಿಡಿಸಬೇಡಿ. ಹಗಲು ಕುಡಿಯಲಿ, ಮಲಗುವ 2 ಗಂಟೆ ಮುಂಚೆ ಕಡಿಮೆ ಮಾಡಲಿ. ಹೃದಯ, ಕಿಡ್ನಿ ಕಾಯಿಲೆ ಇದ್ದವರು ವೈದ್ಯರು ಹೇಳಿದಷ್ಟೇ ಕುಡಿಯಲಿ.
* ಅಂಗಡಿಯಿಂದ ನೆಗಡಿ ಮಾತ್ರೆ ತಂದು ಕೊಡಬೇಡಿ. ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟಿಕೊಳ್ಳುತ್ತದೆ.
* ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ ಎಂದು ಮೂರು ದಿನ ಬರೆದಿಡಿ. ಆ ಚೀಟಿ, ತೆಗೆದುಕೊಳ್ಳುವ ಎಲ್ಲ ಮಾತ್ರೆ ವೈದ್ಯರಿಗೆ ತೋರಿಸಿ.

ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿದರೆ ಅಥವಾ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ನಿಂತರೂ ತೋರಿಸಲೇಬೇಕು.

ಆ ಸಹೋದರಿ ಸಂಘದಿಂದ ಸಾಲ ಪಡೆದು ಯಜಮಾನರಿಗೆ ಸ್ಕ್ಯಾನಿಂಗ್ ಮಾಡಿಸಿದರು. ಪ್ರಾಸ್ಟೇಟ್ ದೊಡ್ಡದಾಗಿತ್ತು, ಸೋಂಕೂ ಇತ್ತು. ಔಷಧಿಯಿಂದ ನೋವು ಇಳಿಯಿತು. ಈಗ ರಾತ್ರಿ ಒಂದೆರಡು ಸಲ ಏಳುತ್ತಾರೆ, ಅಷ್ಟೆ.

ಗಂಡಸರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಇವತ್ತು ಮನೆಗೆ ಹೋಗಿ ನೀವೇ ಕೇಳಿ: “ರಾತ್ರಿ ಎಷ್ಟು ಸಲ ಏಳ್ತೀರಿ? ನೋವು ಇದೆಯಾ?”