ಬಾಡಿಗೆ ಮನೆ ಯೋಜನೆ: ಆಸೆ ಪಡುವ ಮುನ್ನ ತಿಳಿಯಿರಿ



ನಿಪ್ಪಾಣಿಯ ಬೀಡಿ, ತಂಬಾಕು ಕೆಲಸದವರು, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬಿನ ಸೀಮೆಯ ಕೂಲಿ ಮಂದಿ ಬಹಳಷ್ಟು ಬಾಡಿಗೆ ಕೋಣೆಯಲ್ಲೇ ಸಂಸಾರ ಮಾಡ್ತಾರೆ. "ಸರಕಾರದ ಬಾಡಿಗೆ ಮನೆ ಮುಂದ ನಮ್ಮದಾಗತೈತೇನ್ರಿ?" ಎಂಬುದೇ ಇವರ ಪ್ರಶ್ನೆ. ಇಲ್ಲ, ಆಗುವುದಿಲ್ಲ.

2024ರ ಸೆಪ್ಟೆಂಬರ್ 1ರಿಂದ ಜಾರಿಯಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ ಕೈಗೆಟುಕುವ ಬಾಡಿಗೆ ಮನೆಗಳೂ ಸೇರಿವೆ. ಖಾಲಿ ಬಿದ್ದ ಸರಕಾರಿ ಮನೆಗಳನ್ನು ಇದಕ್ಕೆ ಬಳಸಬಹುದು, ಇಲ್ಲವೇ ಸರಕಾರಿ ಅಥವಾ ಖಾಸಗಿ ಸಂಸ್ಥೆ ತನ್ನ ಜಾಗದಲ್ಲಿ ಹೊಸದಾಗಿ ಕಟ್ಟಬಹುದು. ಎರಡರಲ್ಲೂ ನೀವು ಬಾಡಿಗೆದಾರರೇ. ಆದ್ದರಿಂದ "ಹೆಸರಿಗೆ ಮಾಡಿಸಿಕೊಡ್ತೀನಿ" ಎನ್ನುವವರ ಕೈಗೆ ರೊಕ್ಕ ಕೊಡಬೇಡಿ.

ಪಟ್ಟಣದಲ್ಲಿ ಸ್ವಂತ ಜಾಗ ಇದ್ದವರಿಗೆ ಮನೆ ಕಟ್ಟಲು ಇದೇ ಯೋಜನೆಯಲ್ಲಿ ಬೇರೆ ಸಹಾಯಧನ ಇದೆ. ಕುಟುಂಬದ ವರ್ಷದ ಆದಾಯ 3 ಲಕ್ಷ ರೂಪಾಯಿ ದಾಟಿರಬಾರದು, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ನಮ್ಮ ಅನಿಸಿಕೆಯಂತೆ ಜಾಗ ಇದ್ದವರು ಮೊದಲು ಇದನ್ನೇ ವಿಚಾರಿಸುವುದು ಒಳ್ಳೆಯದು.

ಸದ್ಯ ಯಾರ ಮನೆಯಲ್ಲಿದ್ದರೂ ಮುಂಗಡಕ್ಕೆ, ಬಾಡಿಗೆಗೆ ರಸೀದಿ ಕೇಳಿ ಪಡೆಯಿರಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ಬರೆಸುವುದು ಅದಕ್ಕೇ!

ಪಟ್ಟಣದವರು ಪುರಸಭೆ, ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಿ. ಹಳ್ಳಿಯವರಿಗೆ ಗ್ರಾಮೀಣ ಯೋಜನೆ ಬೇರೆಯೇ ಇದೆ, ಗ್ರಾಮ ಪಂಚಾಯಿತಿಗೆ ಹೋಗಿರಿ.