ಹನ್ನೊಂದನೇ ಕಾಲಂನಲ್ಲಿ ಸಿಕ್ಕಿಕೊಂಡ ಹೆದ್ದಾರಿ

ನಾಡಕಚೇರಿಯ ಕಿಟಕಿಯಿಂದ ಪಹಣಿ ಕೈಗೆ ಬಂದಾಗ ರೈತರು ಸಾಮಾನ್ಯವಾಗಿ ಮೊದಲು ನೋಡುವುದು ಒಂಬತ್ತನೇ ಕಾಲಂ. ಹೆಸರು ಸರಿಯಿದ್ದು, ಎಕರೆ ಗುಂಟೆ ತಾಳೆಯಾದರೆ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಬೆಂಗಳೂರಿನ ಉತ್ತರ ಮತ್ತು ಪೂರ್ವದ ಅಂಚಿನ ಹಳ್ಳಿಗಳಲ್ಲಿ ಕಣ್ಣು ಮೊದಲು ಹೋಗುವುದು ಹನ್ನೊಂದನೇ ಕಾಲಂಗೆ. ‘ಇತರೆ ಹಕ್ಕುಗಳು ಮತ್ತು ಋಣಗಳು’ ಎಂಬ ಆ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಭೂಸ್ವಾಧೀನದ ನಮೂದು ಕುಳಿತಿದ್ದರೆ ಬ್ಯಾಂಕಿನವರು ಸಾಲದ ಅರ್ಜಿ ಮುಟ್ಟುವುದಿಲ್ಲ, ಮನೆಗೆ ಪ್ಲಾನ್ ಮಂಜೂರಾಗುವುದಿಲ್ಲ, ಕೊಳ್ಳಲು ಬಂದವರು ಬಾಯಿಗೆ ಬಂದ ಬೆಲೆ ಕೇಳುತ್ತಾರೆ. ಮಗಳ ಮದುವೆಗೆಂದು ಹತ್ತು ಗುಂಟೆ ಮಾರಲು ಹೊರಟವರು ವಕೀಲರ ಕಚೇರಿಯ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ಇದೆಲ್ಲ ಒಂದು ರಸ್ತೆಗಾಗಿ. ಜನ ಅದನ್ನು ಈಗಲೂ ‘ಪಿಆರ್‌ಆರ್’ ಎಂದೇ ಕರೆಯುತ್ತಾರೆ. ಪೆರಿಫೆರಲ್ ರಿಂಗ್ ರಸ್ತೆಗೆ ಬಿಡಿಎ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ. 2007ರ ಜೂನ್‌ನಲ್ಲಿ ಅಂತಿಮ ಅಧಿಸೂಚನೆ ಬಂತು: 65 ಕಿ.ಮೀ. ಉದ್ದ, 100 ಮೀಟರ್ ಅಗಲ, 1,810 ಎಕರೆ 18.5 ಗುಂಟೆ ಜಮೀನು. ತುಮಕೂರು ರಸ್ತೆಯಿಂದ ಹೊರಟು ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆಗೆ ಸೇರಬೇಕಾದ ದಾರಿ ಇದು. ಪಶ್ಚಿಮ, ದಕ್ಷಿಣದ ಕಡೆ ನೈಸ್ ರಸ್ತೆ ಇದ್ದೇ ಇದೆ. ಎರಡೂ ಕೂಡಿದರೆ ಊರಿನ ಸುತ್ತ ಪೂರ್ತಿ ಉಂಗುರ. ಪುಣೆ ಕಡೆಯಿಂದ ಚೆನ್ನೈಗೆ ಹೋಗುವ ಲಾರಿ ಹೆಬ್ಬಾಳವನ್ನೂ ಸಿಲ್ಕ್ ಬೋರ್ಡನ್ನೂ ನೋಡಬೇಕಾಗಿಲ್ಲ. ಕಾಗದದ ಮೇಲೆ ಈ ಯೋಜನೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಆಮೇಲೆ ಉದ್ದ 73 ಕಿ.ಮೀ. ಆಯಿತು, ಬೇಕಾದ ಜಮೀನು ಎರಡೂವರೆ ಸಾವಿರ ಎಕರೆ ದಾಟಿತು. ಜಪಾನಿನ ಜೈಕಾ ಸಾಲದ ಮಾತು ಬಂದು ಹೋಯಿತು. 2020ರ ಹೊತ್ತಿಗೆ ಅಂದಾಜು ವೆಚ್ಚ 21 ಸಾವಿರ ಕೋಟಿ ರೂಪಾಯಿ ಮುಟ್ಟಿತ್ತು. ಅದರಲ್ಲಿ 15 ಸಾವಿರ ಕೋಟಿಗೂ ಹೆಚ್ಚು ಬರೀ ಭೂಮಿಯ ಲೆಕ್ಕ. ಡಾಂಬರು, ಸೇತುವೆ, ಮೋರಿಗಳದ್ದೆಲ್ಲ ಉಳಿದ ಪಾಲು. ಭೂಮಿಯ ಹಣವನ್ನೂ ಗುತ್ತಿಗೆದಾರರೇ ಹಾಕಿ ಟೋಲಿನಲ್ಲಿ ವಸೂಲು ಮಾಡಿಕೊಳ್ಳಲಿ ಎಂದು ಟೆಂಡರ್ ಕರೆದರೆ ಸರಿಯಾಗಿ ಯಾರೂ ಬರಲಿಲ್ಲ. ಬರುವುದಾದರೂ ಹೇಗೆ?

ಜಗಳದ ಬೇರು ಇರುವುದು ಪರಿಹಾರದ ಲೆಕ್ಕದಲ್ಲಿ. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಜಮೀನಿನ ಬೆಲೆ ಕಟ್ಟುವುದು ಪ್ರಾಥಮಿಕ ಅಧಿಸೂಚನೆಯ ದಿನದ ದರಕ್ಕೆ. ಅದರ ಮೇಲೆ ಶೇ 30ರಷ್ಟು ಸೊಲೇಷಿಯಂ ಎಂಬ ಸಾಂತ್ವನ ಮೊತ್ತ, ಐತೀರ್ಪಿನವರೆಗೆ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತ. 2005ರಲ್ಲಿ ಎಕರೆಗೆ 20 ಲಕ್ಷ ಇತ್ತೆಂದು ಇಟ್ಟುಕೊಳ್ಳಿ. ಸೊಲೇಷಿಯಂ 6 ಲಕ್ಷ, ಇಪ್ಪತ್ತು ವರ್ಷದ ಹೆಚ್ಚುವರಿ 48 ಲಕ್ಷ, ಒಟ್ಟು 74 ಲಕ್ಷ. ಈ ಹಣಕ್ಕೆ ಇವತ್ತು ವರ್ತೂರಿನ ಕಡೆ ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟು ಸಿಕ್ಕರೆ ಪುಣ್ಯ. 2013ರ ಕಾಯ್ದೆಯ ಲೆಕ್ಕವೇ ಬೇರೆ: ನಗರದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಗಾಡಿನಲ್ಲಿ ನಾಲ್ಕು ಪಟ್ಟಿನವರೆಗೆ. ರೈತರು ಕೇಳುತ್ತಾ ಬಂದಿರುವುದು ಇದನ್ನೇ. ಆದರೆ ಬಿಡಿಎ ತನ್ನದೇ 1976ರ ಕಾಯ್ದೆಯಡಿ ಮಾಡುವ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ, ಹಳೆಯದೇ ಲೆಕ್ಕ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಬಾಗಿಲು ಅಲ್ಲಿಗೆ ಮುಚ್ಚಿತು. ನ್ಯಾಯದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ತಡ ಮಾಡಿದ್ದು ಸರ್ಕಾರ. ಆ ತಡದಿಂದ ಅಗ್ಗವಾಗಿದ್ದು ರೈತರ ಜಮೀನು.

ಹಾಗೆಂದು ರೈತರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆ ಎಂದುಕೊಳ್ಳುವುದು ಪೇಟೆಯವರ ಭ್ರಮೆ. ‘ಒಳ್ಳೆ ರೇಟು ಕೊಡ್ಲಿ, ನಾಳೇನೇ ಬರ್ಕೊಡ್ತೀವಿ’ ಎನ್ನುವವರು ಬೇಕಾದಷ್ಟಿದ್ದಾರೆ. ಮಕ್ಕಳೆಲ್ಲ ಪೇಟೆ ಕೆಲಸಕ್ಕೆ ಹೋದ ಮೇಲೆ ರಾಗಿ ಹೊಲವನ್ನು ನೀಲಗಿರಿಗೆ ಬಿಟ್ಟವರು ಅವರು. ಹೂವು, ಸೊಪ್ಪು, ದ್ರಾಕ್ಷಿ ಬೆಳೆದು ದಿನಾ ಕಾಸು ನೋಡುವವರಿಗೆ ಡಿನೋಟಿಫೈ ಆಗುವುದೇ ಬೇಕು. ಇವರ ನಡುವೆ, ರೈತರೂ ಅಲ್ಲದ ಬಿಡಿಎ ಸೈಟಿನವರೂ ಅಲ್ಲದ ಇನ್ನೊಂದು ಗುಂಪಿದೆ. ಸ್ವಾಧೀನದ ಸುದ್ದಿ ತಿಳಿದೋ ತಿಳಿಯದೆಯೋ ಜಿಪಿಎ ಕಾಗದದ ಮೇಲೆ ರೆವಿನ್ಯೂ ಸೈಟು ಕೊಂಡು, ಶೀಟು ಹಾಕಿಯೋ ಮೋಲ್ಡ್ ಹಾಕಿಯೋ ಮನೆ ಕಟ್ಟಿಕೊಂಡವರು. ಚರ್ಚೆಗಳಲ್ಲಿ ಇವರ ಹೆಸರು ಬರುವುದೇ ಅಪರೂಪ. ಬುಲ್ಡೋಜರ್ ಬಂದ ದಿನ ಮೊದಲು ಬೀದಿಗೆ ಬೀಳುವವರು ಇವರೇ.

ಮರಗಳ ಕಥೆ ಇನ್ನೊಂದು. ಪರಿಸರ ಪರಿಣಾಮದ ಮಾಹಿತಿ ಕಲೆಹಾಕಿದ್ದು 2009–10ರ ಚಳಿಗಾಲದಲ್ಲಿ. ಅದರ ಆಧಾರದ ಮೇಲೆ ಅನುಮತಿ ಸಿಕ್ಕಿದ್ದು 2014ರಲ್ಲಿ. ಕಡಿಯಬೇಕಾದ ಮರಗಳನ್ನು ಆ ವರದಿ ನೂರರ ಲೆಕ್ಕದಲ್ಲಿ ಹೇಳಿತ್ತು. ದಾರಿ ಹೋಗುವುದು ಜಾರಕಬಂಡೆ ಕಾವಲ್ ಅರಣ್ಯದ ಮೂಲಕ. 2019ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಅನುಮತಿಯನ್ನು ತಳ್ಳಿಹಾಕಿತು. ಹಳೆಯ ಮಾಹಿತಿ ನಡೆಯದು, ಹೊಸದಾಗಿ ಅಧ್ಯಯನ ಮಾಡಿ ಎಂದು ಮರುವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಹೊಸ ಎಣಿಕೆಯಲ್ಲಿ ಮರಗಳ ಸಂಖ್ಯೆ 33,838ಕ್ಕೆ ಏರಿತ್ತು. ಹತ್ತು ವರ್ಷದಲ್ಲಿ ಅಷ್ಟು ಮರ ಬೆಳೆದವೆಂದು ನಂಬಲು ತುಂಬ ಒಳ್ಳೆಯ ಮನಸ್ಸು ಬೇಕು. ಹೊಸ ವರದಿಯ ಮೇಲಿನ ಸಾರ್ವಜನಿಕ ಅಹವಾಲು ಸಭೆ ಕೊರೊನಾ ನಡುವೆಯೇ ನಡೆದು ಗದ್ದಲದಲ್ಲಿ ಮುಗಿಯಿತು.

ರಸ್ತೆ ಬೇಕೆನ್ನುವವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೊಸೂರು ಕಡೆಯಿಂದ ವಿಮಾನ ನಿಲ್ದಾಣಕ್ಕೆ ಹೊರಟವರಿಗೆ, ವೈಟ್‌ಫೀಲ್ಡಿನ ಒಳರಸ್ತೆಗಳಲ್ಲಿ ಟ್ಯಾಂಕರು ಲಾರಿಗಳ ಹಿಂದೆ ತೆವಳುವವರಿಗೆ ಬೇರೆ ದಾರಿ ಬೇಕೇ ಬೇಕು. ಆದರೆ 2007ರಲ್ಲಿ ಬೇಕಾಗಿದ್ದ ರಸ್ತೆ ಮತ್ತು ಈಗ ಕಟ್ಟಲು ಹೊರಟಿರುವ ರಸ್ತೆ ಒಂದೇ ಅಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೆಸರಿನಲ್ಲಿ ಇದಕ್ಕೆ ಹೊಸ ಲೆಕ್ಕ ಮುಂದಿಟ್ಟಿತು. ರಸ್ತೆಗೆ 65 ಮೀಟರ್ ಸಾಕು. ಉಳಿದ 35 ಮೀಟರನ್ನು ವಾಣಿಜ್ಯ ಜಾಗವಾಗಿ ಅಭಿವೃದ್ಧಿ ಮಾಡಿ ಜಮೀನು ಕಳೆದುಕೊಂಡವರಿಗೇ ಕೊಡುವುದು. ನಗದು ಬೇಡವೆಂದರೆ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು), ಎಫ್‌ಎಆರ್ (ಹೆಚ್ಚುವರಿ ಕಟ್ಟಡ ವಿಸ್ತೀರ್ಣ), ನಿವೇಶನದ ಆಯ್ಕೆಗಳೂ ಉಂಟು. 27 ಸಾವಿರ ಕೋಟಿಯ ಬಾಬತ್ತು ಇದರಿಂದ 10 ಸಾವಿರ ಕೋಟಿಗೆ ಇಳಿಯುತ್ತದೆ, ಡಿನೋಟಿಫಿಕೇಶನ್ ಮಾತ್ರ ಸಾಧ್ಯವಿಲ್ಲ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು.

ಖಜಾನೆಯ ದೃಷ್ಟಿಯಿಂದ ಇದು ಜಾಣ ಲೆಕ್ಕ. ಒಂದೆರಡು ಎಕರೆ ಇದ್ದವರಿಗೂ ಹೆದ್ದಾರಿ ಪಕ್ಕದ ವಾಣಿಜ್ಯ ಜಾಗ ಸಣ್ಣ ಆಸ್ತಿಯಲ್ಲ. ಅರ್ಧ ಎಕರೆಯವರ ಕೈಗೆ ಏನು ಬರುತ್ತದೆ, ಯಾವಾಗ ಬರುತ್ತದೆ, ಅಲ್ಲಿಯವರೆಗೆ ಊಟಕ್ಕೇನು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಟಿಡಿಆರ್ ಪತ್ರವನ್ನು ಹಣವಾಗಿಸುವ ಕಲೆ ಗೊತ್ತಿರುವುದು ಬಿಲ್ಡರ್‌ಗಳಿಗೆ, ಸೊಪ್ಪು ಬೆಳೆಯುವವರಿಗಲ್ಲ.

ಇದಕ್ಕಿಂತ ದೊಡ್ಡ ತಕರಾರು ರಸ್ತೆಯ ಉದ್ದೇಶದ ಬಗ್ಗೆಯೇ ಇದೆ. ಈ ಊರು ಒಮ್ಮೆ ಇದೇ ಪಾಠ ಕಲಿತಿದೆ. ಸುಮಾರು 60 ಕಿ.ಮೀ. ಹೊರವರ್ತುಲ ರಸ್ತೆಯನ್ನು ಇದೇ ಬಿಡಿಎ 1996ರಿಂದ 2002ರ ನಡುವೆ ಹಂತ ಹಂತವಾಗಿ ತೆರೆದಾಗ ಅದೂ ಲಾರಿಗಳನ್ನು ಊರ ಹೊರಗೇ ಕಳಿಸುವ ದಾರಿಯಾಗಿತ್ತು. ಎರಡೂ ಬದಿಗೆ ಟೆಕ್ ಪಾರ್ಕು, ಮಾಲು, ಅಪಾರ್ಟ್‌ಮೆಂಟು ಬಂದವು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ 17 ಕಿ.ಮೀ. ಈಗ ಊರಿನ ಅತಿ ಕಿಕ್ಕಿರಿದ ಬೀದಿ. ಅದನ್ನು ಬಿಡಿಸಲು ಅದರ ಮೇಲೆಯೇ ಮೆಟ್ರೊ ಕಟ್ಟುತ್ತಿದ್ದಾರೆ. ಪಕ್ಕದಲ್ಲಿ ಅಂಗಡಿ ಬಂದ ಬೈಪಾಸು ಬೈಪಾಸಾಗಿ ಉಳಿಯುವುದಿಲ್ಲ. ಹಾಗಿರುವಾಗ ಹೊಸ ರಸ್ತೆಯ ನಕ್ಷೆಯಲ್ಲೇ 35 ಮೀಟರ್ ಅಂಗಡಿಸಾಲು ಬರೆದು ಅದನ್ನು ಸಂಚಾರ ದಟ್ಟಣೆಗೆ ಮದ್ದು ಎಂದು ಕರೆಯುವುದು ಹೇಗೆ?

ಲಾರಿಗಳ ವಾದವೂ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಇನ್ನೂ ಹೊರಗೆ, ಸುಮಾರು 280 ಕಿ.ಮೀ. ಸುತ್ತಳತೆಯ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಕಟ್ಟುತ್ತಿದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೂಲಕ ಹೊಸಕೋಟೆಯವರೆಗಿನ ಸುಮಾರು 80 ಕಿ.ಮೀ. 2024ರಲ್ಲೇ ಉದ್ಘಾಟನೆಯಾಗಿದೆ. ತುಮಕೂರು ಕಡೆಯಿಂದ ಬಂದು ಚೆನ್ನೈ ದಾರಿ ಹಿಡಿಯುವ ಲಾರಿ ಈಗ ಊರೊಳಗೆ ಬರದೆ ಹೋಗಬಹುದು. ಹಾಗಾದರೆ ಈ ಹೊಸ ಕಾರಿಡಾರಿನಲ್ಲಿ ಓಡುವವರು ಮುಖ್ಯವಾಗಿ ಊರಿನವರೇ, ಕಾರುಗಳಲ್ಲಿ, ಟೋಲು ಕೊಟ್ಟು. ಅದಕ್ಕೆ ಅಷ್ಟು ಕೋಟಿ ಹಾಕಬೇಕೋ, ಅದೇ ದುಡ್ಡಿಗೆ ಉಪನಗರ ರೈಲು, ಬಸ್ಸು ಓಡಿಸಬೇಕೋ ಎಂದು ವಿಧಾನಸಭೆಯಲ್ಲಿ ಕೂತು ಲೆಕ್ಕ ಹಾಕಬೇಕಿತ್ತು. ಸಂಪುಟದ ಒಂದು ಸಭೆಯಲ್ಲಿ ಮುಗಿಯುವ ಮಾತಲ್ಲ ಅದು.

ನನ್ನ ಅಭಿಪ್ರಾಯ ಕೇಳಿದರೆ, ಉತ್ತರದಲ್ಲಿ, ಪೂರ್ವದಲ್ಲಿ ಒಂದು ಸಂಪರ್ಕ ರಸ್ತೆ ಬೇಕು. ಅಂಗಡಿಸಾಲು ಹೊತ್ತ ಹೆದ್ದಾರಿ ಬೇಡ. ಆದರೆ ಬೇಕು ಬೇಡಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದದ್ದು ಅವಧಿ. ಮಂಜೂರಾದ ಯೋಜನೆ ಐದು ವರ್ಷದಲ್ಲಿ ಗಣನೀಯವಾಗಿ ಜಾರಿಯಾಗದಿದ್ದರೆ ಅದು ಬಿದ್ದುಹೋಗಬೇಕು ಎಂದು ಬಿಡಿಎ ಕಾಯ್ದೆಯ 27ನೇ ಸೆಕ್ಷನ್ನೇ ಹೇಳುತ್ತದೆ. ತಡಕ್ಕೆ ಹೊಣೆ ಯಾರು ಎಂಬ ವಾದದಲ್ಲಿ ಆ ಸೆಕ್ಷನ್ನಿನ ಹಲ್ಲು ಉದುರಿಹೋಗಿದೆ. ಸರ್ಕಾರ ಸರ್ವೆ ನಂಬರಿನ ಸಮೇತ ಅಂತಿಮ ನಕ್ಷೆಯನ್ನು ಪ್ರತಿ ಪಂಚಾಯಿತಿಯಲ್ಲಿ ಅಂಟಿಸಲಿ. ಐತೀರ್ಪು ಹೊರಡಿಸಿ ದುಡ್ಡನ್ನೋ ಜಾಗವನ್ನೋ ಕೈಗೆ ಕೊಡುವ ಕೊನೆಯ ದಿನಾಂಕ ಹೇಳಲಿ. ಆ ದಿನ ದಾಟಿದರೆ ಯಾರೂ ಅರ್ಜಿ ಹಾಕದೆ ಜಮೀನು ಬಿಡುಗಡೆಯಾಗಬೇಕು. ಇಷ್ಟನ್ನು ಮಾಡಲು ಸಾಲ ಬೇಡ, ಟೆಂಡರ್ ಬೇಡ, ಒಂದು ಆದೇಶ ಸಾಕು.